ವಿಭೂತಿಯ ಬಿಳುಪೂ ಗುಹೆಯ ಕತ್ತಲೂ

ಮಲಪ್ರಭೆಯ ದಂಡೆಯಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರದ ಆವರಣದಲ್ಲಿ, ಗೋಮಯವನ್ನು ಸುಟ್ಟು ಸಿದ್ಧಪಡಿಸಿದ ವಿಭೂತಿಯ ಗಟ್ಟಿಗಳನ್ನು ಬಿಸಿಲಿಗೆ ಒಣಗಲು ಇಟ್ಟಿದ್ದ ಒಂದು ಮುಂಜಾನೆ ನಾನು ತೆಗೆದ ಛಾಯಾಚಿತ್ರದಲ್ಲಿ, ಕಣ್ಣಿಗೆ ಹಾಲಿನಂತೆ ಬೆಳ್ಳಗೆ ಕಂಡಿದ್ದ ಆ ಗಟ್ಟಿಗಳು ಮಳೆಯಲ್ಲಿ ನೆನೆದ ಸುಣ್ಣದ ಗೋಡೆಯಂತೆ ಮಂಕಾಗಿ ಮೂಡಿದ್ದುವು. ಜೊತೆಯಲ್ಲಿದ್ದ ಮಿತ್ರರು ಅದೇ ಸ್ಥಳದಲ್ಲಿ ನಿಂತು, ನನ್ನದಕ್ಕಿಂತ ಬೆಲೆಯಲ್ಲಿ ಹಲವು ಪಟ್ಟು ಮಿಗಿಲಾದ ತಮ್ಮ ಕ್ಯಾಮರಾದಿಂದ ತೆಗೆದ ಚಿತ್ರವನ್ನು ನೋಡಲಾಗಿ, ಅದರಲ್ಲಿಯೂ ವಿಭೂತಿಯು ಅಷ್ಟೇ ಬೂದುಬಣ್ಣಕ್ಕೆ ತಿರುಗಿದ್ದಿತು. ಹವ್ಯಾಸಕ್ಕಾಗಿ ಛಾಯಾಗ್ರಹಣವನ್ನು ಕೈಕೊಂಡವನು ಎರಡು ಕ್ಯಾಮರಾಗಳನ್ನು ಹೋಲಿಸುವಾಗ ಯಾವ ಗುಣವನ್ನು ತೂಗಬೇಕು, ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬ ವಿಚಾರ ನನ್ನಲ್ಲಿ ಮೊದಲಾದದ್ದು ಆ ಬೆಳಗಿನಿಂದ.

ಕ್ಯಾಮರಾದೊಳಗಿನ ಬೆಳಕಿನ ಮಾಪಕಕ್ಕೆ ತನ್ನೆದುರಿಗಿರುವುದು ವಿಭೂತಿಯೋ ಕರಿಗಲ್ಲೋ ಎಂಬುದು ತಿಳಿಯದು. ಲೋಕದ ದೃಶ್ಯಗಳು ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ಸರಾಸರಿ ನೂರಕ್ಕೆ 18 ಪಾಲನ್ನು ಹಿಂದಿರುಗಿಸುತ್ತವೆ ಎಂಬ ಗಣನೆಯನ್ನು ಆಧಾರವಾಗಿಟ್ಟುಕೊಂಡು ಅದು ಅಳೆಯುವುದರಿಂದ, ಬೆಳಕಿನ ಬಹುಪಾಲನ್ನು ಹಿಂದಿರುಗಿಸುವ ಬಿಳಿಯ ವಸ್ತುವನ್ನು ಕಂಡಾಗ ಬೆಳಕು ಅತಿಯಾಯಿತೆಂದು ಭಾವಿಸಿ ಚಿತ್ರವನ್ನು ಕಪ್ಪಾಗಿಸುತ್ತದೆ. ಎಕ್ಸ್‌ಪೋಷರನ್ನು ಒಂದರಿಂದ ಒಂದೂವರೆ ಸ್ಟಾಪಿನಷ್ಟು (ಒಂದು ಸ್ಟಾಪೆಂದರೆ ಬೆಳಕು ಇಮ್ಮಡಿ) ಹೆಚ್ಚಿಸಿ ಮತ್ತೆ ತೆಗೆದಾಗ ಗಟ್ಟಿಗಳು ತಮ್ಮ ಸಹಜವಾದ ಬಿಳುಪಿಗೆ ಬಂದುವು. ಈ ತಿದ್ದುಪಡಿಯ ಗುಂಡಿಯು ಅತ್ಯಂತ ಅಗ್ಗದ ಡಿಎಸ್‌ಎಲ್‌ಆರ್‌ನಲ್ಲಿಯೂ ಉಂಟು. ಆದರೆ ದೃಶ್ಯದ ಒಂದು ಸಣ್ಣ ಬಿಂದುವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್ ಎಲ್ಲದರಲ್ಲಿಯೂ ಇಲ್ಲ: 2018ರಲ್ಲಿ ಬಂದ ನಿಕಾನ್ ಡಿ3500ರಲ್ಲಿ ಅದು ಇದೆ; ಅದೇ ವರ್ಷದ ಕ್ಯಾನನ್ 1500ಡಿಯಲ್ಲಿ ನಡುವಿನ ಸುಮಾರು ನೂರಕ್ಕೆ 10ರಷ್ಟು ಭಾಗವನ್ನು ಅಳೆಯುವ ವ್ಯವಸ್ಥೆ ಮಾತ್ರ ಇದೆ. ಕೊಳ್ಳುವವರು ಇಂತಹ ಭೇದವನ್ನು ಕೇಳುವುದು ವಿರಳ. ಎಲ್ಲರೂ ಕೇಳುವುದು ಮೆಗಾಪಿಕ್ಸೆಲ್ ಎಷ್ಟೆಂದು.

ಆ ಪ್ರಶ್ನೆಯಿಂದ ತಿಳಿಯುವುದು ಎಷ್ಟು ಅಲ್ಪವೆಂಬುದನ್ನು ಮೂರು ಕ್ಯಾಮರಾಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಕಾಣಬಹುದು. ಡಿ3500ರಲ್ಲಿ 24.2, ಕ್ಯಾನನ್ 1500ಡಿಯಲ್ಲಿ 24.1, ಇವೆರಡಕ್ಕಿಂತ ಬಹಳ ದುಬಾರಿಯಾದ ನಿಕಾನ್ ಡಿ780ರಲ್ಲಿ 24.5 ಮೆಗಾಪಿಕ್ಸೆಲ್. ಸಂಖ್ಯೆ ಬಹುಮಟ್ಟಿಗೆ ಒಂದೇ ಆದರೂ ಅವು ಹರಡಿಕೊಂಡಿರುವ ಸೆನ್ಸರಿನ ವಿಸ್ತೀರ್ಣ ಒಂದೇ ಅಲ್ಲ. ಡಿ780ರದು ಹಿಂದಿನ ಫಿಲ್ಮಿನಷ್ಟೇ ದೊಡ್ಡದು, ಸುಮಾರು 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ, ಡಿ3500ರದು 23.5ಕ್ಕೆ 15.6, ಕ್ಯಾನನ್ನಿನದು ಇನ್ನೂ ತುಸು ಚಿಕ್ಕದು. ಅಂದರೆ ದೊಡ್ಡ ಸೆನ್ಸರಿನ ಒಂದೊಂದು ಪಿಕ್ಸೆಲ್ಲಿಗೆ ಚಿಕ್ಕದರ ಪಿಕ್ಸೆಲ್ಲಿಗಿಂತ ಎರಡು ಪಟ್ಟಿಗೂ ಮಿಕ್ಕ ಜಾಗ ದೊರೆಯುತ್ತದೆ.

ಆ ಜಾಗದ ಬೆಲೆ ತಿಳಿಯುವುದು ಬಿಸಿಲಿನಲ್ಲಲ್ಲ, ಶಿವಯೋಗ ಮಂದಿರಕ್ಕೆ ಸಮೀಪದ ಬಾದಾಮಿಯ ಗುಹೆಗಳಲ್ಲಿ. ಜನರು ಮೇಣಬಸದಿಯೆಂದು ಕರೆಯುವ ಆ ನಾಲ್ಕು ಗುಹೆಗಳು ಉತ್ತರಾಭಿಮುಖವಾಗಿರುವುದರಿಂದ ನೇರ ಬಿಸಿಲು ಒಳಕ್ಕೆ ಬಾರದು. ಮೊದಲನೆಯ ಗುಹೆಯ ಹೊರಬದಿಯಲ್ಲಿರುವ ಹದಿನೆಂಟು ತೋಳುಗಳ ನಟರಾಜನನ್ನು ಯಾವ ಕ್ಯಾಮರಾದಲ್ಲಿಯೂ ನಿರಾಯಾಸವಾಗಿ ತೆಗೆಯಬಹುದು. ಆದರೆ ಮಂಗಲೇಶನು 578ರಲ್ಲಿ ಪೂರೈಸಿದ ಮೂರನೆಯ ಗುಹೆಯನ್ನು ಹೊಕ್ಕು ಛತ್ತಿನ ಕೆತ್ತನೆಯತ್ತ ಲೆನ್ಸನ್ನು ತಿರುಗಿಸಿದೊಡನೆ ಬೆಳಕು ಸಾಲದಾಗುತ್ತದೆ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಊರಲು ಪೂರ್ವಾನುಮತಿ ಬೇಕು. ಆದುದರಿಂದ ಹವ್ಯಾಸಿಗೆ ಉಳಿಯುವ ಆಸರೆ ತನ್ನ ಎರಡು ಕೈಗಳು ಮಾತ್ರ.

ಇಂತಹ ಮಬ್ಬಿನಲ್ಲಿ ಚಿತ್ರದ ಮೇಲೆ ಕಾಣುವ ಮರಳುಮರಳಾದ ಕಲೆಗಳನ್ನು ಯಂತ್ರದ ದೋಷವೆಂದು ಹಲವರು ತಿಳಿಯುತ್ತಾರೆ. ಅದರ ಬಹುಭಾಗ ಬೆಳಕಿನ ಸ್ವಭಾವದಲ್ಲಿಯೇ ಇದೆ. ಬೆಳಕು ಅಖಂಡವಾದ ಧಾರೆಯಲ್ಲ. ಫೋಟಾನ್ ಎಂಬ ಬಿಡಿಬಿಡಿ ಕಣಗಳಾಗಿ, ಯಾವ ನಿಯಮಿತ ಅಂತರವೂ ಇಲ್ಲದೆ ಬಂದು ಬೀಳುತ್ತದೆ. ಒಂದು ಪಿಕ್ಸೆಲ್ಲಿಗೆ ಸರಾಸರಿ 100 ಕಣಗಳು ಬರಬೇಕಾದೆಡೆಯಲ್ಲಿ ಅದರ ವರ್ಗಮೂಲದಷ್ಟು, ಎಂದರೆ 10ರಷ್ಟು ಏರುಪೇರು ಸಹಜ. ಅದು ನೂರಕ್ಕೆ 10. 10,000 ಕಣಗಳು ಬಂದರೆ ಏರುಪೇರು 100, ಅದು ನೂರಕ್ಕೆ ಒಂದೇ. ಕ್ಯಾಮರಾದ ಸಂವೇದನೆಯನ್ನು ಸೂಚಿಸುವ ಐಎಸ್‌ಒವನ್ನು ಏರಿಸಿದರೆ ಬೆಳಕು ಹೆಚ್ಚುವುದಿಲ್ಲ. ಬಂದಷ್ಟು ಕಣಗಳ ಲೆಕ್ಕವನ್ನು ಏರುಪೇರಿನೊಡನೆಯೇ ಹಿಗ್ಗಿಸಿದಂತಾಗುತ್ತದೆ. ನಿಜವಾಗಿ ಕಣಗಳನ್ನು ಹೆಚ್ಚು ಕೂಡಿಸಲು ದಾರಿಗಳು ಮೂರೇ: ದೊಡ್ಡ ಸೆನ್ಸರು, ಹೆಚ್ಚು ಹೊತ್ತು ತೆರೆದಿರುವ ಷಟರು, ದೊಡ್ಡ ಕಂಡಿಯ ಲೆನ್ಸು.

ನನ್ನ ಆಗ್ರಹವಿರುವುದು ಮೂರನೆಯದರ ಮೇಲೆ. ಫುಲ್ ಫ್ರೇಮ್, ಎಂದರೆ ಡಿ780ರಂತೆ ಫಿಲ್ಮಿನಷ್ಟು ದೊಡ್ಡ ಸೆನ್ಸರಿನ ಬಾಡಿಯನ್ನು ಕೊಂಡರೆ ಬೆಳಕಿನ ಸಂಗ್ರಹ ಸುಮಾರು ಎರಡೂಕಾಲು ಪಟ್ಟು ಆದೀತು. ಅದೇ ಚಿಕ್ಕ ಬಾಡಿಗೆ, ಜೊತೆಯಲ್ಲಿ ಬರುವ 18-55 ಕಿಟ್ ಲೆನ್ಸನ್ನು ಕಳಚಿ, 35 ಮಿಲಿಮೀಟರಿನ, ದೊಡ್ಡ ಕಂಡಿಯ ಎಫ್ 1.8 ಲೆನ್ಸನ್ನು ಹಾಕಿದರೆ, ಆ ನಾಭಿದೂರದಲ್ಲಿ ಎಫ್ 4.5ರ ಸುಮಾರಿಗೆ ನಿಂತುಬಿಡುವ ಕಿಟ್ ಲೆನ್ಸಿಗಿಂತ ಆರು ಪಟ್ಟು ಬೆಳಕು ಒಳಬರುತ್ತದೆ. ಕೈನಡುಕವನ್ನು ತಡೆಯುವ ಸ್ಟೆಬಿಲೈಸೇಷನ್ನೂ ಇಲ್ಲಿ ಬಹು ಉಪಕಾರಿ. ಏಕೆಂದರೆ ಗುಹೆಗಳ ಶಿಲ್ಪಗಳಲ್ಲಿರುವ ವರಾಹನೂ ತ್ರಿವಿಕ್ರಮನೂ ಸಾವಿರದ ನಾನೂರು ವರ್ಷಗಳಿಂದ ಅಲುಗದೆ ನಿಂತಿದ್ದಾರೆ. ಶಿವಯೋಗ ಮಂದಿರದ ಅಂಗಳದಲ್ಲಿ ಓಡಾಡುವ ವಟುಗಳ ಚಿತ್ರಕ್ಕೆ ಅದರಿಂದ ಪ್ರಯೋಜನವಿಲ್ಲ. ಅಲ್ಲಿ ಬೇಕಾದದ್ದು ಷಟರಿನ ವೇಗ.

ಬಾದಾಮಿಯ ಈ ಶಿಲೆಗಳ ಮುಂದೆ ಕ್ಯಾಮರಾ ಹಿಡಿದ ಮೊದಲಿಗರಲ್ಲೊಬ್ಬನಾದ ಬಾಂಬೆ ಆರ್ಟಿಲರಿಯ ಥಾಮಸ್ ಬಿಗ್ಸ್ 1855ರಲ್ಲಿ ಬಿಜಾಪುರ, ಬಾದಾಮಿ, ಐಹೊಳೆಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ಇಳಿಸಿದನು. ಆತನೂ ಡಾ. ಪಿಗೌ, ಡಾ. ನೀಲ್ ಎಂಬವರೂ ತೆಗೆದ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವಾಗಿ ಹೊರಬಂದುವು. ಆ ಕಾಗದಕ್ಕೆ ಬೆಳಕು ಸಾಕಾಗಲು ನಿಮಿಷಗಳೇ ಬೇಕಾಗುತ್ತಿದ್ದುವು. ಇಂದು ಅದೇ ಶಿಲೆಗಳನ್ನು ಸೆಕೆಂಡಿನ ನಲವತ್ತರಲ್ಲೊಂದು ಪಾಲಿನಲ್ಲಿ ಬರಿಗೈಯಿಂದ ಹಿಡಿಯುತ್ತೇವೆ.

ಇನ್ನು ಫೋಕಸಿನ ಮಾತು. ಡಿಎಸ್‌ಎಲ್‌ಆರ್‌ನ ಜೀವಾಳವಾದ ಕನ್ನಡಿಯು 45 ಡಿಗ್ರಿ ವಾಲಿ ನಿಂತು, ಲೆನ್ಸಿನಿಂದ ಬಂದ ಬೆಳಕನ್ನು ಮೇಲಿನ ಪಂಚಮುಖ ಪ್ರಿಸಂ ಇಲ್ಲವೆ ಕನ್ನಡಿಗಳ ಜೋಡಣೆಯ ಮೂಲಕ ನಮ್ಮ ಕಣ್ಣಿಗೆ ಕಳುಹಿಸುತ್ತದೆ. ಅದರ ನಡುಭಾಗವು ಅರೆಪಾರದರ್ಶಕವಾಗಿರುವುದರಿಂದ ಒಂದಂಶ ಬೆಳಕು ಹಿಂದಿನ ಕಿರುಗನ್ನಡಿಗೆ ತಗುಲಿ, ತಳದಲ್ಲಿರುವ ಫೋಕಸ್ ಸೆನ್ಸರಿಗೆ ಇಳಿಯುತ್ತದೆ. ಲೆನ್ಸಿನ ಎರಡು ಅಂಚುಗಳಿಂದ ಬಂದ ಎರಡು ಬಿಂಬಗಳ ನಡುವಣ ಅಂತರವನ್ನು ಅದು ಅಳೆದು, ಲೆನ್ಸನ್ನು ಯಾವ ಕಡೆಗೆ, ಎಷ್ಟು ಸರಿಸಬೇಕೆಂಬುದನ್ನು ಒಮ್ಮೆಗೇ ನಿಶ್ಚಯಿಸುತ್ತದೆ. ಸಾಮಾನ್ಯ ಫೋಕಸ್ ಬಿಂದುವು ಒಂದೇ ದಿಕ್ಕಿನ ಗೆರೆಗಳನ್ನು ಗುರುತಿಸಬಲ್ಲುದು. ಬಾದಾಮಿಯ ಕೆಂಪು ಮರಳುಗಲ್ಲಾದರೋ ಅಡ್ಡಡ್ಡ ಪದರಗಳಾಗಿ ಕೂತಿರುವುದರಿಂದ, ಗೆರೆಗಳ ದಿಕ್ಕು ಹೊಂದದ ಬಿಂದುವನ್ನು ಬರಿಯ ಬಂಡೆಯತ್ತ ಹಿಡಿದರೆ ಲೆನ್ಸು ಹಿಂದೆ ಮುಂದೆ ತಡಕಾಡುತ್ತದೆ. ಎರಡೂ ದಿಕ್ಕುಗಳನ್ನು ಗ್ರಹಿಸುವ ಕ್ರಾಸ್ ಬಿಂದು 1500ಡಿಯ ಒಂಬತ್ತರಲ್ಲಿಯೂ ಡಿ3500ರ ಹನ್ನೊಂದರಲ್ಲಿಯೂ ನಡುವಿನದೊಂದೇ. ಅದರಿಂದ ಫೋಕಸ್ ಹಿಡಿದು, ಆಮೇಲೆ ಚೌಕಟ್ಟನ್ನು ಸರಿಪಡಿಸಿಕೊಳ್ಳುವುದು ಲೇಸು.

ಚಿತ್ರ ತೆಗೆಯುವಾಗ ಮೇಲೆದ್ದು ಮತ್ತೆ ಇಳಿಯುವ ಕನ್ನಡಿ ಇರುವಲ್ಲಿ ಸದ್ದೂ ಇದೆ. ಇಷ್ಟಲಿಂಗ ಪೂಜೆಯ ನಿಶ್ಶಬ್ದದಲ್ಲಿ ಆ ಸಪ್ಪಳ ಕೇಳಿದವರಿಗೆ ಅದರ ಕಠೋರತೆ ಗೊತ್ತು. ಡಿ3500ರಂತಹ ಬಾಡಿಗಳಲ್ಲಿ ಕ್ವಯಟ್ ಎಂಬ ಏರ್ಪಾಡಿದ್ದು, ಗುಂಡಿಯನ್ನು ಒತ್ತಿ ಹಿಡಿದಿರುವವರೆಗೂ ಕನ್ನಡಿ ಕೆಳಗಿಳಿಯದು. ಹೊರಕ್ಕೆ ಬಂದು ಬೆರಳು ತೆಗೆಯಬಹುದು. ಆದರೂ ಪೂಜೆಯ ವೇಳೆಯಲ್ಲಿ ಅನುಮತಿ ಪಡೆಯದೆ ಕ್ಯಾಮರಾ ಎತ್ತಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕ್ಯಾನನ್, ನಿಕಾನ್ ಸಂಸ್ಥೆಗಳು 2020ರ ತರುವಾಯ ಹೊಸ ಡಿಎಸ್‌ಎಲ್‌ಆರ್ ಹೊರತರದೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮರಾಗಳತ್ತ ತಿರುಗಿವೆ. ಅನೇಕರು ತಮ್ಮ ಹಳೆಯ ಬಾಡಿಗಳನ್ನು ಮಾರುತ್ತಿದ್ದಾರೆ. ಬ್ಯಾಟರಿಯೂ ಸೇರಿ 415 ಗ್ರಾಂ ತೂಗುವ ಡಿ3500, ಅದಕ್ಕೊಂದು ಎಫ್ 1.8 ಲೆನ್ಸು: ಬಾದಾಮಿಯ ಮೆಟ್ಟಿಲುಗಳನ್ನು ಹತ್ತುವ ಹವ್ಯಾಸಿಗೆ, 840 ಗ್ರಾಮಿನ ಡಿ780ಕ್ಕೆ ಕಿಟ್ ಲೆನ್ಸು ಸಿಕ್ಕಿಸಿಕೊಂಡು ಹೋಗುವುದಕ್ಕಿಂತ ಇದೇ ಮೇಲೆಂದು ನಾನು ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಷಟರು ಎಷ್ಟು ಸಾವಿರ ಬಾರಿ ಓಡಿದೆಯೆಂದು ಕೇಳಿ, ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಹಿಡಿದಿಲ್ಲವೆಂದು ಖಾತ್ರಿಪಡಿಸಿಕೊಂಡು, ಬಳಿಕ ಹಣ ಕೊಡಿ.