ಸದ್ದಿಲ್ಲದ ಗಣಕಕ್ಕೊಂದು ಪುಟ್ಟ ಪವರ್ ಸಪ್ಲೈ



ಇಲ್ಲಿ ಅಮೆರಿಕದಲ್ಲಿರುವ ನಮ್ಮ ಪುಟ್ಟ ಮನೆಯ ಹಜಾರವೇ ಮಗಳ ಓದಿನ ಕೋಣೆ. ಊರಿನಿಂದ ಅಮ್ಮ ಬಂದು ಆರು ತಿಂಗಳು ನಮ್ಮೊಡನೆ ಇದ್ದಾಗ ಅದೇ ಅವರ ಮಲಗುವ ಕೋಣೆಯೂ ಆಯಿತು. ನಿಮ್ಮಲ್ಲಿ ಅನೇಕರ ಮನೆಯ ಕಥೆಯೂ ಇದೇ ಎಂಬುದನ್ನು ಬಲ್ಲೆವು. ಹಜಾರದ ಮೂಲೆಯಲ್ಲಿ ನಾವೇ ಜೋಡಿಸಿದ ಗಣಕವೊಂದಿತ್ತು. ಮಗಳು ತಡರಾತ್ರಿಯವರೆಗೆ ಅದರ ಮುಂದೆ ಕುಳಿತು ಓದುವಳು. ಅಮ್ಮ ಎಂದೂ ದೂರಲಿಲ್ಲ. ಒಂದು ಬೆಳಿಗ್ಗೆ ಮಾತ್ರ, "ಅದೇನೋ ರಾತ್ರಿಯೆಲ್ಲ ಗುಂಯ್ ಎನ್ನುತ್ತಿರುತ್ತದಲ್ಲ, ಅದಕ್ಕೆ ನಿದ್ರೆಯೇ ಬೇಡವೇ?" ಎಂದು ಕೇಳಿದರು. ನಿದ್ರೆಯಿಲ್ಲದೆ ಕಳೆದವರು ಯಾರೆಂಬುದು ಆಗ ನಮಗೆ ತಿಳಿಯಿತು.

ಪೆಟ್ಟಿಗೆಯನ್ನು ತೆರೆದು ಕಿವಿಗೊಟ್ಟಾಗ, ಸದ್ದು ಹೊರಡುತ್ತಿದ್ದುದು ಪವರ್ ಸಪ್ಲೈಯ ಫ್ಯಾನಿನಿಂದ. ತಪ್ಪು ನಮ್ಮದೇ. ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಭಾವಿಸಿ, 750 ವಾಟ್‌ನ ಅಗ್ಗದ ಸಾಧನವೊಂದನ್ನು ತಂದು ಕೂರಿಸಿದ್ದೆವು. ಕೆಲಸವಿರಲಿ, ಇಲ್ಲದಿರಲಿ, ಅದರ ಫ್ಯಾನು ಒಂದೇ ವೇಗದಲ್ಲಿ ತಿರುಗುತ್ತಿತ್ತು. ಅದನ್ನು ಬದಲಿಸುವಾಗ ಕಲಿತುದನ್ನು ಇಂದು ನಿಮ್ಮ ಮುಂದಿಡುತ್ತೇವೆ.

ಗೋಡೆಯಿಂದ ಬರುವ ಪರ್ಯಾಯ ವಿದ್ಯುತ್ತನ್ನು 12 ವೋಲ್ಟ್, 5 ವೋಲ್ಟ್ ಮುಂತಾದ ನೇರ ವಿದ್ಯುತ್ತಾಗಿ ಮಾರ್ಪಡಿಸುವುದು ಪವರ್ ಸಪ್ಲೈಯ ಕೆಲಸ. ಈ ಮಾರ್ಪಾಟಿನಲ್ಲಿ ಒಂದಂಶ ಶಾಖವಾಗಿ ಪೋಲಾಗುತ್ತದೆ. ಶಾಖವನ್ನು ಹೊರಗಟ್ಟಲು ಫ್ಯಾನು ಬೇಕು, ಫ್ಯಾನಿದ್ದಲ್ಲಿ ಸದ್ದು. ಆದ್ದರಿಂದ ಸದ್ದನ್ನು ಅಡಗಿಸುವ ಮೊದಲ ಉಪಾಯವೆಂದರೆ ಶಾಖವನ್ನೇ ತಗ್ಗಿಸುವುದು. 1977ರಲ್ಲಿ ಬಂದ ಆಪಲ್ 2 ಗಣಕಕ್ಕೆ ಫ್ಯಾನೇ ಇರಬಾರದೆಂದು ಸ್ಟೀವ್ ಜಾಬ್ಸ್ ಬಯಸಿದಾಗ, ರಾಡ್ ಹೋಲ್ಟ್ ಎಂಬ ಎಂಜಿನಿಯರ್ ಕಡಿಮೆ ಬಿಸಿಯಾಗುವ ಸ್ವಿಚಿಂಗ್ ಪವರ್ ಸಪ್ಲೈಯನ್ನು ರೂಪಿಸಿದುದೂ ಇದೇ ಮಾರ್ಗದಲ್ಲಿ.

ಒಂದು ಸರಳ ಲೆಕ್ಕವನ್ನು ನೋಡೋಣ. ಗಣಕಕ್ಕೆ 120 ವಾಟ್ ಬೇಕೆನ್ನಿ. ಪವರ್ ಸಪ್ಲೈಯ ದಕ್ಷತೆ ಶೇಕಡಾ 80 ಆದರೆ ಅದು ಗೋಡೆಯಿಂದ 150 ವಾಟ್ ಎಳೆದು, 30 ವಾಟನ್ನು ಬಿಸಿಯಾಗಿಸುತ್ತದೆ. ದಕ್ಷತೆ ಶೇಕಡಾ 90 ಆದರೆ ಪೋಲಾಗುವುದು ಸುಮಾರು 13 ವಾಟ್ ಮಾತ್ರ. 2004ರಲ್ಲಿ ಆರಂಭವಾದ '80 ಪ್ಲಸ್' ಯೋಜನೆಯ ಮುದ್ರೆಗಳು ಈ ದಕ್ಷತೆಯನ್ನೇ ಸೂಚಿಸುತ್ತವೆ. ಇಲ್ಲಿಯ ವೋಲ್ಟೇಜಿನಲ್ಲಿ ಅರ್ಧ ಹೊರೆಯಿದ್ದಾಗ 'ಬ್ರಾಂಜ್' ಮುದ್ರೆಗೆ ಶೇಕಡಾ 85, 'ಗೋಲ್ಡ್' ಮುದ್ರೆಗೆ ಶೇಕಡಾ 90 ದಕ್ಷತೆ ಬೇಕು. ಆದರೆ ಗೋಲ್ಡ್ ಮಟ್ಟದ ಪರೀಕ್ಷೆ ಶೇಕಡಾ 20ಕ್ಕಿಂತ ಕಡಿಮೆ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬರಹವನ್ನಷ್ಟೇ ತೆರೆದಿಟ್ಟ ಪುಟ್ಟ ಗಣಕಕ್ಕೆ 30 ವಾಟ್ ಸಾಕು. 1000 ವಾಟ್‌ನ ಪವರ್ ಸಪ್ಲೈಗೆ ಅದು ಶೇಕಡಾ 3ರಷ್ಟು ಹೊರೆ, ಅಲ್ಲಿ ದಕ್ಷತೆ ಕುಸಿಯುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಗೃಹ ಗಣಕಕ್ಕೆ 300ರಿಂದ 450 ವಾಟ್ ಧಾರಾಳ.

ಇನ್ನು ಗಾತ್ರದ ಮಾತು. 1995ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ಮಾನಕದ ಪವರ್ ಸಪ್ಲೈ ಸಾಮಾನ್ಯವಾಗಿ 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರ, 140 ಮಿ.ಮೀ. ಉದ್ದವಿರುತ್ತದೆ. ಎಸ್‌ಎಫ್‌ಎಕ್ಸ್ ಎಂಬುದು 125, 63.5 ಹಾಗೂ 100 ಮಿ.ಮೀ.; ಅಂದರೆ ಅರ್ಧಕ್ಕಿಂತಲೂ ಕಡಿಮೆ ಜಾಗ. ಫ್ಲೆಕ್ಸ್ ಎಟಿಎಕ್ಸ್ ಇನ್ನೂ ತೆಳುವಾದುದು, ಆದರೆ ಅದರೊಳಗಿರುವುದು ಕೇವಲ 40 ಮಿ.ಮೀ. ಫ್ಯಾನು. ಚಿಕ್ಕ ಫ್ಯಾನು ಅಷ್ಟೇ ಗಾಳಿಯನ್ನು ನೂಕಲು ಬಹು ವೇಗವಾಗಿ ತಿರುಗಬೇಕು. ಒಂದೇ ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಅರ್ಧದಷ್ಟು ಸದ್ದೆನಿಸುತ್ತದೆ. ಆದುದರಿಂದ ಜಾಗವಿದ್ದರೆ 120 ಮಿ.ಮೀ. ಫ್ಯಾನುಳ್ಳ ಎಸ್‌ಎಫ್‌ಎಕ್ಸ್-ಎಲ್ ಉತ್ತಮ. ಹೊರೆ ಕಡಿಮೆಯಿದ್ದಾಗ ಫ್ಯಾನು ತಾನಾಗಿ ನಿಲ್ಲುವಂಥವೂ ದೊರೆಯುತ್ತವೆ. ತೀರ ಚಿಕ್ಕ ಗಣಕಕ್ಕಾದರೆ, ಲ್ಯಾಪ್‌ಟಾಪಿಗಿರುವಂತಹ ಅಡಾಪ್ಟರನ್ನು ಹೊರಗಿಟ್ಟು, ಒಳಗೆ ಪುಟ್ಟ ಪರಿವರ್ತಕ ಫಲಕವನ್ನಷ್ಟೇ ಇರಿಸಬಹುದು. ಅಲ್ಲಿ ಫ್ಯಾನೇ ಬೇಡ.

ಸದ್ದಿಗಿಂತಲೂ ಮುಖ್ಯವಾದ ಮೂರು ಎಚ್ಚರಿಕೆಗಳಿವೆ.

ಮೊದಲನೆಯದು, ಪವರ್ ಸಪ್ಲೈಯ ಪೆಟ್ಟಿಗೆಯನ್ನು ಎಂದಿಗೂ ಬಿಚ್ಚಬೇಡಿ. ತಂತಿಯನ್ನು ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರಿನಲ್ಲಿ ಪ್ರಾಣಾಪಾಯ ತರುವಷ್ಟು ವಿದ್ಯುತ್ತು ಉಳಿದಿರಬಹುದು. ಫ್ಯಾನು ಬದಲಿಸುವ ಉತ್ಸಾಹವನ್ನು ನಾವೂ ಅಲ್ಲಿಗೇ ಕೈಬಿಟ್ಟೆವು.

ಎರಡನೆಯದು, ಕಳಚಬಲ್ಲ ಕೇಬಲುಗಳಿದ್ದರೆ ಹಳೆಯ ಸಾಧನದ ಕೇಬಲನ್ನು ಹೊಸದಕ್ಕೆ ಜೋಡಿಸಬೇಡಿ. ತುದಿ ಸರಿಹೊಂದಿದರೂ ಒಳಗಿನ ತಂತಿಗಳ ಕ್ರಮ ಬೇರೆಯಿರಬಹುದು. ಮಕ್ಕಳ ಬಾಲ್ಯದ ಚಿತ್ರಗಳಿರುವ ಡಿಸ್ಕು ಕ್ಷಣಾರ್ಧದಲ್ಲಿ ಸುಟ್ಟುಹೋದೀತು.

ಮೂರನೆಯದು, ಗಣಕವನ್ನು ಊರಿಗೆ ಒಯ್ಯುವವರಿಗೆ. ಇಲ್ಲಿಯ ವಿದ್ಯುತ್ತು 120 ವೋಲ್ಟ್, 60 ಹರ್ಟ್ಜ್. ಭಾರತದಲ್ಲಿ 230 ವೋಲ್ಟ್, 50 ಹರ್ಟ್ಜ್. ಪಟ್ಟಿಯ ಮೇಲೆ 100ರಿಂದ 240 ವೋಲ್ಟ್ ಎಂದಿದ್ದರೆ ತಂತಿಯನ್ನಷ್ಟೇ ಬದಲಿಸಿದರೆ ಸಾಕು. ಹಳೆಯ ಕೆಲವು ಸಾಧನಗಳ ಬೆನ್ನಿನ ಮೇಲೆ 115 ಮತ್ತು 230 ಎಂಬ ಗುರುತಿನ ಪುಟ್ಟ ಕೆಂಪು ಸ್ವಿಚ್ ಇರುತ್ತದೆ. ಅದನ್ನು 115ರಲ್ಲೇ ಬಿಟ್ಟು ಭಾರತದ ಗೋಡೆಗೆ ಜೋಡಿಸಿದರೆ ಸಾಧನ ಒಡನೆಯೇ ಹಾಳಾಗುತ್ತದೆ.

ಕೊನೆಗೆ ನಾವು ಆರಿಸಿಕೊಂಡುದು 450 ವಾಟ್‌ನ, ಗೋಲ್ಡ್ ಮುದ್ರೆಯ ಎಸ್‌ಎಫ್‌ಎಕ್ಸ್ ಪವರ್ ಸಪ್ಲೈ. ಮಗಳ ಓದಿಗೆ ಅದರ ಫ್ಯಾನು ತಿರುಗುವುದೇ ಅಪರೂಪ. ಅಮ್ಮ ಊರಿಗೆ ಮರಳುವ ಮುನ್ನದ ಎರಡು ತಿಂಗಳು, ಮೊಮ್ಮಗಳು ಓದುತ್ತಿದ್ದ ದೀಪದ ಪಕ್ಕದಲ್ಲೇ ನೆಮ್ಮದಿಯಿಂದ ನಿದ್ರಿಸಿದರು. ನಿಮ್ಮ ಮನೆಯಲ್ಲೂ ಹಿರಿಯರ ನಿದ್ರೆಗೂ ಕಿರಿಯರ ಓದಿಗೂ ಒಂದೇ ಹಜಾರವಿದ್ದರೆ, ದೊಡ್ಡ ಅಂಕಿಗೆ ಮರುಳಾಗದೆ ಅಗತ್ಯವನ್ನು ಅಳೆದು ಕೊಳ್ಳಿರೆಂದು ನಮ್ಮ ವಿನಂತಿ.