ಕಲಸಿಹೋದ ಬೆಳಕನ್ನು ಓದುವುದು

ಗಾಜಿನ ಎಳೆಯೊಳಗೆ ಬೆಳಕು ಯಾಕೆ ಉಳಿಯುತ್ತದೆ ಎಂಬುದನ್ನು ಮೊದಲು ಚುಟುಕಾಗಿ ನೋಡಿಬಿಡೋಣ. ಆಪ್ಟಿಕಲ್ ಫೈಬರಿನ ತಿರುಳಿನ ವಕ್ರೀಭವನ ಸೂಚ್ಯಂಕ ಅದರ ಹೊದಿಕೆಯದಕ್ಕಿಂತ ತುಸು ಹೆಚ್ಚು. ಹೀಗಾಗಿ ತೀರಾ ಓರೆಯಾಗಿ ಬಂದು ಅಂಚಿಗೆ ತಾಗಿದ ಬೆಳಕು ಹೊರಬೀಳಲಾರದೆ ಒಳಕ್ಕೇ ಮರಳುತ್ತದೆ. 1840ರ ದಶಕದಲ್ಲೇ ಜಿನೀವಾದ ಡೇನಿಯಲ್ ಕೊಲ್ಲಡಾನ್ ನೀರಿನ ಧಾರೆಯ ಜೊತೆಗೆ ಬೆಳಕೂ ಬಾಗಿ ಸಾಗುವುದನ್ನು ತೋರಿಸಿದ್ದರು. ಗಾಜಿನ ಕಲ್ಮಶ ಕಳೆದರೆ ಬೆಳಕನ್ನು ಬಹುದೂರ ಕಳಿಸಬಹುದು ಎಂದು 1966ರಲ್ಲಿ ಚಾರ್ಲ್ಸ್ ಕಾವೊ ವಾದಿಸಿದರು. ಇವತ್ತಿನ ಒಳ್ಳೆಯ ಎಳೆಯಲ್ಲಿ 15 ಕಿಲೋಮೀಟರ್ ಸಾಗಿದ ಮೇಲೂ ಅರ್ಧದಷ್ಟು ಬೆಳಕು ಉಳಿದಿರುತ್ತದೆ.

ನಮಗೆ ಬೇಕಾದ ಕತೆ ಶುರುವಾಗುವುದು ತಿರುಳಿನ ಅಗಲದಿಂದ. ದೂರವಾಣಿ, ಇಂಟರ್ನೆಟ್ಟುಗಳ ಎಳೆಯಲ್ಲಿ ಅದು ಒಂಬತ್ತು ಮೈಕ್ರಾನಿನ ಆಸುಪಾಸು. ಅಲ್ಲಿ ಬೆಳಕಿಗೆ ಸಾಗಲು ಇರುವುದು ಒಂದೇ ಬಗೆ. ತಿರುಳನ್ನು 105 ಮೈಕ್ರಾನಿಗೆ ಹಿಗ್ಗಿಸಿದರೆ, ಅದೇ ಬೆಳಕು ಸುಮಾರು ಸಾವಿರ ಬಗೆಯಲ್ಲಿ ಸಾಗಬಲ್ಲದು. ಈ ಒಂದೊಂದು ಬಗೆಗೂ ಮೋಡ್ ಎಂದು ಹೆಸರು. ಕೆಲವು ಮೋಡ್‌ಗಳು ನಡುಗೆರೆಗೆ ಹತ್ತಿರವಾಗಿ ನೇರ ಹೋಗುತ್ತವೆ, ಕೆಲವು ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಹೋಗುತ್ತವೆ. ಒಂದೊಂದರ ವೇಗವೂ ಬೇರೆ.

ಇಂಥ ದಪ್ಪ ತಿರುಳಿನ ಎಳೆಯ ಒಂದು ತುದಿಗೆ ಕೆಂಪು ಲೇಸರ್ ಕೊಟ್ಟು, ಇನ್ನೊಂದು ತುದಿಯ ಮುಂದೆ ಬಿಳಿ ಕಾಗದ ಹಿಡಿದರೆ ದುಂಡನೆಯ ಸಮ ಬೆಳಕು ಬೀಳುವುದಿಲ್ಲ. ರವೆ ಚೆಲ್ಲಿದಂತೆ ಕಾಣುವ ಬೆಳಕಿನ ಚುಕ್ಕೆಗಳು, ಅವುಗಳ ನಡುವೆ ಕಡುಕಪ್ಪು ಸಂದುಗಳು. ಎಳೆಯ ನಡುಭಾಗವನ್ನು ಬೆರಳಿನಿಂದ ತುಸು ಒತ್ತಿ ನೋಡಿ: ಕಾಗದದ ಮೇಲಿನ ಚುಕ್ಕೆಗಳೆಲ್ಲ ಕುದಿಯುವಂತೆ ಕದಲಿ, ಬೇರೆಯದೇ ವಿನ್ಯಾಸಕ್ಕೆ ಬಂದು ನಿಲ್ಲುತ್ತವೆ. ಈ ಚುಕ್ಕೆಗಳ ಹರಹನ್ನು ಸ್ಪೆಕಲ್ ಎನ್ನುತ್ತಾರೆ.

ಹೊಸಬರು ಎಡವುವುದು ಇಲ್ಲೇ. ‘ಎಳೆ ಬೆಳಕನ್ನು ಕೆಡಿಸಿತು, ಒಳಗೆ ಹಾಕಿದ ಮಾಹಿತಿ ಹಾಳಾಯಿತು’ ಎಂದುಕೊಳ್ಳುತ್ತಾರೆ. ಓದಿದವರೂ ಸ್ಪೆಕಲ್ಲನ್ನು ಗದ್ದಲವೆಂದು ಬದಿಗಿಡುವುದುಂಟು. ಆದರೆ ಇಲ್ಲಿ ನಡೆದಿರುವುದು ಶುದ್ಧ ಲೆಕ್ಕಾಚಾರ. ಸಾವಿರ ಮೋಡ್‌ಗಳ ಅಲೆಗಳು ಕಾಗದದ ಒಂದೊಂದು ಬಿಂದುವಿನಲ್ಲೂ ಕೂಡುತ್ತವೆ. ಏರುಗಳು ಒಟ್ಟಾದಲ್ಲಿ ಬೆಳಕು, ಏರಿಗೆ ಇಳಿತ ಎದುರಾದಲ್ಲಿ ಕತ್ತಲು. ಎಳೆ ಅಲುಗದಿದ್ದರೆ, ಲೇಸರ್ ಬದಲಾಗದಿದ್ದರೆ, ನಾಳೆಯೂ ಇದೇ ಚುಕ್ಕೆ ಇದೇ ಜಾಗದಲ್ಲಿರುತ್ತದೆ. ಪ್ರತಿ ಸಲವೂ ಒಂದೇ ಕ್ರಮದಲ್ಲಿ ಇಸ್ಪೀಟು ಕಲಸುವ ಕೈಯನ್ನು ನೆನೆಸಿಕೊಳ್ಳಿ. ಎಲೆಗಳು ಎಷ್ಟೇ ಅಡ್ಡಾದಿಡ್ಡಿ ಕಂಡರೂ ಆ ಕೈಯ ಕ್ರಮ ಗೊತ್ತಿದ್ದವರಿಗೆ ಯಾವ ಎಲೆ ಎಲ್ಲಿಂದ ಬಂತೆಂದು ಹೇಳಲು ಸಾಧ್ಯ. ಕಲಸುವುದು ಬೇರೆ, ಕಳೆಯುವುದು ಬೇರೆ.

ಲೇಸರ್ ಹುಟ್ಟುವ ಮೊದಲೇ ಈ ಚುಕ್ಕೆಗಳನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಒಬ್ಬರು ಬೆಂಗಳೂರಿನಲ್ಲಿದ್ದರು. ಸಿ.ವಿ. ರಾಮನ್ ಅವರ ಶಿಷ್ಯ ಜಿ.ಎನ್. ರಾಮಚಂದ್ರನ್ 1943ರಲ್ಲಿ, ಅಡ್ಡಾದಿಡ್ಡಿ ಹರಡಿದ ಸಣ್ಣ ಕಣಗಳ ಮೂಲಕ ಹಾದ ಬೆಳಕಿನ ಪ್ರಭಾವಲಯದಲ್ಲಿ ತೀವ್ರತೆ ಹೇಗೆ ಏರಿಳಿಯುತ್ತದೆಂದು ಪ್ರಬಂಧ ಪ್ರಕಟಿಸಿದರು. ಮುಂದೆ ಕೊಲಾಜನ್ ರಚನೆಯಿಂದ ಜಗತ್ತಿಗೆ ಪರಿಚಿತರಾದ ರಾಮಚಂದ್ರನ್ ಅವರ ಈ ಕೆಲಸ ನಮ್ಮ ಪಠ್ಯಗಳಲ್ಲಿ ಕಾಣುವುದೇ ಇಲ್ಲ. ಕಾಣಬೇಕು.

ಬೆರಳೊತ್ತಿಗೂ ಕದಲುವ ಈ ಚುಕ್ಕೆಗಳಿಂದ ಎಳೆ ಹೇಗೆ ಸಂವೇದಕವಾಗುತ್ತದೆ ಎಂಬುದನ್ನು ಈಗ ಲೆಕ್ಕ ಹಾಕಿಯೇ ನೋಡೋಣ. 1500 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಸುಮಾರು ಹತ್ತು ಲಕ್ಷ ಅಲೆಗಳು ಒಂದು ಮೀಟರ್ ಗಾಜಿನಲ್ಲಿ ಹಿಡಿಸುತ್ತವೆ. ಗಾಜು ಒಂದು ಡಿಗ್ರಿ ಬಿಸಿಯಾದರೆ ಅದರ ವಕ್ರೀಭವನ ಸೂಚ್ಯಂಕ ಲಕ್ಷದಲ್ಲೊಂದರಷ್ಟು ಏರುತ್ತದೆ. ಅದರಿಂದ ಆರೇಳು ಅಲೆಗಳ ವ್ಯತ್ಯಾಸ. ಆದರೆ ಎಲ್ಲ ಮೋಡ್‌ಗಳೂ ಸಮನಾಗಿ ಜರುಗಿದರೆ ಚುಕ್ಕೆಗಳ ಚಿತ್ರ ಬದಲಾಗುವುದಿಲ್ಲ, ಮೋಡ್ ಮೋಡ್‌ಗಳ ನಡುವಿನ ಅಂತರವಷ್ಟೇ ಕಾಣುತ್ತದೆ. ಅದು ಹೆಚ್ಚೂಕಡಿಮೆ ಇದರ ನೂರರಲ್ಲೊಂದು ಪಾಲು, ಅಂದರೆ ಒಂದು ಮೀಟರಿನಲ್ಲಿ ಕಾಣಲಾರದಷ್ಟು ಚಿಕ್ಕದು. ನೂರು ಮೀಟರ್ ಎಳೆ ತೆಗೆದುಕೊಳ್ಳಿ: ಅಂತರ ಹಲವು ಅಲೆಗಳಿಗೆ ಬೆಳೆದು, ಒಂದೇ ಡಿಗ್ರಿಗೆ ಇಡೀ ಚಿತ್ರ ಹೊಸದಾಗುತ್ತದೆ. ಉದ್ದವೇ ಇಲ್ಲಿ ಭೂತಗನ್ನಡಿ.

ತರಂಗಾಂತರ ಬದಲಾದರೂ ಹೀಗೆಯೇ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಬ್ರ್ಯಾಂಡನ್ ರೆಡ್ಡಿಂಗ್, ಹುಯಿ ಕಾವೊ ಮತ್ತು ಸಂಗಡಿಗರು ನೂರು ಮೀಟರ್ ಫೈಬರಿನ ಸ್ಪೆಕಲ್ಲನ್ನೇ ಓದಿ, 1500 ನ್ಯಾನೋಮೀಟರಿನ ಹತ್ತಿರ ಒಂದು ಪಿಕೋಮೀಟರಿನಷ್ಟು ಸಣ್ಣ ಅಂತರ ಗುರುತಿಸುವ ರೋಹಿತಮಾಪಕವನ್ನು 2014ರಲ್ಲಿ ತೋರಿಸಿದರು. ಹದಿನೈದು ಲಕ್ಷದಲ್ಲಿ ಒಂದು ಪಾಲು! ಗ್ರೇಟಿಂಗ್ ಬಳಸಿ ಇದನ್ನೇ ಮಾಡಲು ದೊಡ್ಡ ಉಪಕರಣ ಬೇಕು, ಎಳೆಯಾದರೆ ಸುರುಳಿ ಸುತ್ತಿ ಸಣ್ಣ ಡಬ್ಬಿಯಲ್ಲಿಡಬಹುದು.

ಒಂದೇ ಎಳೆಗೆ ಬದಲು ಎಳೆಗಳ ಬಲೆ ಹೆಣೆದರೆ? ಪ್ರತಿ ಗಂಟಿನಲ್ಲೂ ಬೆಳಕು ಕವಲೊಡೆಯುತ್ತದೆ, ಬಳಸುದಾರಿ ಹಿಡಿದು ಮರಳಿ ಅದೇ ಗಂಟಿಗೆ ಬರುತ್ತದೆ, ತನ್ನನ್ನೇ ಕೂಡುತ್ತದೆ. ಹೀಗೆ ಸುತ್ತಿ ಸುತ್ತಿ ಸಾಗುವುದರಿಂದ ಚಿಕ್ಕ ಬಲೆಯೊಳಗೇ ದೊಡ್ಡ ಉದ್ದ ಸಿಗುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ರಿಕಾರ್ಡೊ ಸಪಿಯೆಂಜಾ ಅವರ ತಂಡ 2019ರಲ್ಲಿ, ಬಣ್ಣ ಬೆರೆಸಿದ ಪಾಲಿಮರ್ ನ್ಯಾನೋ ಎಳೆಗಳ ಬಲೆಯನ್ನೇ ಲೇಸರ್ ಆಗಿಸಿತು. ಬಲೆಯ ಜೋಡಣೆಯೇ ಯಾವ ಯಾವ ತರಂಗಾಂತರ ಬೆಳಗಬೇಕೆಂದು ನಿರ್ಧರಿಸುತ್ತದೆ. ಎಳೆ ತರಂಗಾಂತರಕ್ಕಿಂತ ತೆಳ್ಳಗಾದಾಗ ಬೆಳಕಿನ ಒಂದು ಪಾಲು ಅದರ ಮೈ ಹೊರಗೂ ಹರಡಿ ಹರಿಯುವುದರಿಂದ, ಮೈಮೇಲೆ ಬಂದು ಕೂತ ವಸ್ತುವಿನ ಸುಳಿವು ಬೆಳಕಿಗೆ ತಟ್ಟುತ್ತದೆ. ರಾಸಾಯನಿಕ, ಜೈವಿಕ ಸಂವೇದಕಗಳ ಆಸೆ ನಿಂತಿರುವುದು ಇದರ ಮೇಲೆ.

ಇಂಥ ವಿಷಯದಲ್ಲಿ ಪಿಎಚ್‌ಡಿ ಮಾಡುವವರ ವರ್ಷಗಳು ಹೋಗುವುದು ಎಲ್ಲಿ? ಹೆಚ್ಚಿನ ಪಾಲು ಅಳತೆಯ ಪಟ್ಟಿ ಕಟ್ಟುವುದರಲ್ಲಿ. ಗೊತ್ತಿರುವ ಒಂದೊಂದು ತರಂಗಾಂತರವನ್ನೂ ಕಳಿಸಿ ಅದರ ಚಿತ್ರವನ್ನು ಮ್ಯಾಟ್ರಿಕ್ಸಿನ ಒಂದು ಕಂಬಸಾಲಾಗಿ ಬರೆದಿಡಬೇಕು. ಆಮೇಲೆ ಗೊತ್ತಿಲ್ಲದ ಬೆಳಕಿನ ಚಿತ್ರ ಬಂದಾಗ, ಯಾವ ಸಾಲು ಎಷ್ಟು ಬೆರೆತಿದೆ ಎಂದು ಬಿಡಿಸಬೇಕು. ಎರಡು ಸಾಲುಗಳು ಒಂದನ್ನೊಂದು ಹೋಲುತ್ತಿದ್ದರೆ ಕ್ಯಾಮೆರಾದ ಚಿಕ್ಕ ತಪ್ಪೂ ಉತ್ತರದಲ್ಲಿ ಹಿಗ್ಗಿ ಕೂರುತ್ತದೆ. ಬಲೆ ಜಟಿಲವಾದಷ್ಟೂ ಒಳ್ಳೆಯದು ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಎಲ್ಲಕ್ಕೂ ಮಿಡಿಯುವ ಸಂವೇದಕ ಯಾವುದಕ್ಕೆ ಮಿಡಿಯಿತು ಎಂದೂ ಹೇಳಬೇಕಲ್ಲ! ಕೋಣೆಯ ಸೆಕೆ, ಮೇಜಿನ ನಡುಕ, ಲೇಸರಿನ ಜರುಗು, ಮೂರೂ ಅದೇ ಚಿತ್ರದೊಳಗೆ ಬೆರೆತಿರುತ್ತವೆ.

ಇವನ್ನು ಬೇರ್ಪಡಿಸುವ ಒಳ್ಳೆಯ ದಾರಿಗಳು ಇನ್ನೂ ಬೇಕಾಗಿವೆ. ಬಿಎಸ್ಸಿ ಓದುತ್ತಿರುವ ಗೆಳೆಯರೇ, ನಿಮ್ಮ ರೇಖೀಯ ಬೀಜಗಣಿತದ ಪುಸ್ತಕವನ್ನು ಪರೀಕ್ಷೆ ಮುಗಿದ ಕೂಡಲೇ ಮಾರಿಬಿಡಬೇಡಿ. ಅದರಲ್ಲಿನ ವಿಲೋಮ, ಐಗನ್ ಮೌಲ್ಯ, ಸಿಂಗ್ಯುಲರ್ ಮೌಲ್ಯ ವಿಭಜನೆಯ ಅಧ್ಯಾಯಗಳೇ ಈ ವಿಷಯದ ಹೆಬ್ಬಾಗಿಲು. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಲೇಸರ್ ಒಂದಿದ್ದರೆ ಕೆಲವು ಮೀಟರ್ ದಪ್ಪ ತಿರುಳಿನ ಫೈಬರ್, ಲೆನ್ಸ್ ಕಳಚಿದ ವೆಬ್‌ಕ್ಯಾಮ್ ಕೇಳಿ ತರಿಸಿಕೊಳ್ಳಿ. ಕಣ್ಣನ್ನು ಲೇಸರಿನ ದಾರಿಗೆ ಒಡ್ಡದೆ, ಎಳೆಯನ್ನು ಮೇಜಿಗೆ ಅಂಟಿಸಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಚಿತ್ರಗಳನ್ನೂ ಕೋಣೆಯ ಉಷ್ಣತೆಯನ್ನೂ ಒಟ್ಟಿಗೆ ದಾಖಲಿಸಿ. ಮೊದಲ ಚಿತ್ರಕ್ಕೂ ಉಳಿದವಕ್ಕೂ ಇರುವ ಹೋಲಿಕೆ ಉಷ್ಣತೆಯ ಜೊತೆ ಹೇಗೆ ಇಳಿಯುತ್ತದೆಂದು ಗೆರೆ ಎಳೆಯಿರಿ. ಎಳೆಯ ಉದ್ದವನ್ನು ಇಮ್ಮಡಿ ಮಾಡಿ ಮತ್ತೊಮ್ಮೆ ಎಳೆಯಿರಿ.