ಚಿತ್ತವಿಕಲತೆಯುಳ್ಳವರ ಬುದ್ಧಿಶಕ್ತಿ ಮತ್ತು ಆಯುಷ್ಯ

ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ರೋಗವನ್ನು ಚಿತ್ತವಿಕಲತೆ ಎಂದೂ ಕರೆಯುವರು. ಪ್ರಪಂಚದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ಇಲ್ಲದ ಧ್ವನಿಗಳು ಕೇಳಿಸುವುದು, ಮನೆಯವರ ಮೇಲೆಯೇ ಸಂಶಯ ಹುಟ್ಟುವುದು ಇದರ ಎದ್ದುಕಾಣುವ ಲಕ್ಷಣಗಳು. ಮಾತ್ರೆ, ಚುಚ್ಚುಮದ್ದುಗಳಿಂದ ಇವು ಅನೇಕರಲ್ಲಿ ಹತೋಟಿಗೆ ಬರುತ್ತವೆ.

ಆದರೆ ಕಣ್ಣಿಗೆ ಬೀಳದ ತೊಂದರೆಯೊಂದು ಉಳಿದುಬಿಡುತ್ತದೆ. ಗಮನವಿಟ್ಟು ಕೇಳುವ, ಕೇಳಿದ್ದನ್ನು ನೆನಪಿನಲ್ಲಿಡುವ, ಕೆಲಸವನ್ನು ಯೋಚಿಸಿ ಕ್ರಮವಾಗಿ ಮಾಡುವ ಶಕ್ತಿ ಕುಂದಿರುತ್ತದೆ. “ದನಕ್ಕೆ ನೀರು ತೋರಿಸು, ಮೋಟಾರು ಹಾಕು, ಬರುವಾಗ ಅಂಗಡಿಯಿಂದ ಸಕ್ಕರೆ ತಾ” ಎಂದು ಒಂದೇ ಉಸಿರಿಗೆ ಹೇಳಿದರೆ, ನಿಮ್ಮ ತಮ್ಮನು ನೀರು ತೋರಿಸಿ ಸುಮ್ಮನೆ ಕುಳಿತುಬಿಡಬಹುದು. ಇದು ಸೋಮಾರಿತನವಲ್ಲ, ರೋಗದ ಭಾಗವೇ ಆಗಿದೆ. ಧ್ವನಿಗಳನ್ನು ಅಡಗಿಸುವ ಔಷಧಿಗಳು ಈ ಕೊರತೆಯನ್ನು ಅಷ್ಟಾಗಿ ನೀಗಿಸಲಾರವು. ಆದುದರಿಂದ ಒಂದು ಸಲಕ್ಕೆ ಒಂದೇ ಕೆಲಸವನ್ನು ಹೇಳಿರಿ. ದಿನವೂ ಅದೇ ಹೊತ್ತಿಗೆ ಅದೇ ಕೆಲಸವಿದ್ದರೆ ರೂಢಿಯಾಗುತ್ತದೆ. ಸದಾ ಬೈಯುವ, ಹಂಗಿಸುವ ಮನೆಯಲ್ಲಿ ರೋಗವು ಮರುಕಳಿಸುವ ಸಂಭವ ಹೆಚ್ಚು.

ಇನ್ನು ಆಯುಷ್ಯದ ವಿಚಾರ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಈ ರೋಗವುಳ್ಳವರು ಸರಾಸರಿ 14ರಿಂದ 15 ವರ್ಷಗಳ ಆಯುಷ್ಯವನ್ನು ಕಳೆದುಕೊಳ್ಳುತ್ತಾರೆ. ಆತ್ಮಹತ್ಯೆಯು ಒಂದು ಕಾರಣ. ರೋಗದ ಆರಂಭದ ವರ್ಷಗಳಲ್ಲಿ ಆ ಭಯ ಹೆಚ್ಚು. ಆದರೆ ಬಹುಮಂದಿ ಸಾಯುವುದು ಹೃದ್ರೋಗದಂಥ ಶರೀರದ ಕಾಯಿಲೆಗಳಿಂದಲೇ. ಬೀಡಿ ಸೇವನೆ ಇವರಲ್ಲಿ ಹೆಚ್ಚು. ಕೆಲವು ಮಾತ್ರೆಗಳಿಂದ ತೂಕವೂ ರಕ್ತದ ಸಕ್ಕರೆಯೂ ಏರುತ್ತವೆ. ಎದೆನೋವು ಯಾವಾಗ ಬಂತು, ಎಷ್ಟು ಹೊತ್ತು ಇತ್ತು ಎಂದು ಕೇಳಿದರೆ, ನೆನಪು ಕುಂದಿದ ಮನುಷ್ಯ ಹೇಗೆ ಹೇಳಿಯಾನು? ಹೇಳಿದರೂ “ಹುಚ್ಚನ ಮಾತು” ಎಂದು ತಳ್ಳಿಬಿಡುವುದುಂಟು, ಆಸ್ಪತ್ರೆಗಳಲ್ಲಿಯೂ ಉಂಟು. ಅವರ ಪರವಾಗಿ ನೀವೇ ಮಾತನಾಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತಂದು ತೂಕ, ರಕ್ತದೊತ್ತಡ, ಸಕ್ಕರೆಗಳನ್ನು ಆಗಾಗ್ಗೆ ಪರೀಕ್ಷಿಸಿರೆಂದು ಕೇಳಿರಿ.

ತೂಕ ಏರಿತೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಕೂಡದು. ಮಾತ್ರೆ ಸೇವಿಸುವವರು ಸೇವಿಸದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆಂದು ಫಿನ್‌ಲೆಂಡ್ ದೇಶದ ಅಧ್ಯಯನಗಳಲ್ಲಿ ಕಂಡುಬಂದಿದೆ. ದೇವರಿಗೆ ಹರಕೆ ಹೊತ್ತರೆ ನಮ್ಮ ಆಕ್ಷೇಪಣೆಯಿಲ್ಲ, ಮಾತ್ರೆ ತಪ್ಪದಿದ್ದರೆ ಸರಿ. ಮದುವೆಯಿಂದ ಈ ರೋಗ ವಾಸಿಯಾಗುವುದಿಲ್ಲ. ರೋಗವುಳ್ಳ ಹೆಣ್ಣುಮಗಳು ಗರ್ಭಿಣಿಯಾದರೆ, ಮಾತ್ರೆಯ ವಿಷಯವಾಗಿ ಕೂಡಲೇ ವೈದ್ಯರನ್ನು ಕಾಣಿರಿ. ಸಾಯುವ ಮಾತನ್ನು ಯಾರಾದರೂ ಆಡಿದರೆ ಒಂಟಿಯಾಗಿ ಬಿಡದೆ, ಕೀಟನಾಶಕದ ಡಬ್ಬಿಗಳನ್ನು ಬೀಗದೊಳಗಿಟ್ಟು, ಆಸ್ಪತ್ರೆಗೆ ಕರೆತನ್ನಿರಿ. 2022ರಿಂದ ಇರುವ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ದೂರವಾಣಿ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.